ಮಸ್ಕಿಯಲ್ಲಿ ತಿರುಗಿದ ಚೆಂಡು

ಫೆಬ್ರವರಿಯ ಒಂದು ಬೆಳಿಗ್ಗೆ ಏಳಕ್ಕೆ ಸಿಂಧನೂರು ಬಿಟ್ಟೆವು. ಜೊತೆಗಿದ್ದವಳು ಜವಳಗೇರಾದ ನಾಗವೇಣಿ, ನಾನು ಎರಡು ವರ್ಷದಿಂದ ಆಫ್ ಸ್ಪಿನ್ ಕಲಿಸುತ್ತಿರುವ ಕಾಲೇಜು ಹುಡುಗಿ. ಐವತ್ತೈದು ಕಿಲೋಮೀಟರ್ ಆಚೆಯ ಲಿಂಗಸುಗೂರಿನಲ್ಲಿ ಹತ್ತೊಂಬತ್ತರೊಳಗಿನ ಹುಡುಗಿಯರ ತಂಡಕ್ಕೆ ಆಯ್ಕೆ ಇತ್ತು. ಬರುವ ವರ್ಷ ಅವಳಿಗೆ ವಯಸ್ಸು ಮೀರುತ್ತದೆ; ಇದೇ ಕೊನೆಯ ಅವಕಾಶ. ಬಸ್ಸಿನಲ್ಲಿ ಅವಳಿಗೆ ಉಚಿತ ಟಿಕೆಟ್, ನನಗೆ ಪೂರ್ತಿ ದರ. ಅದೊಂದಕ್ಕೇ ಅವಳು ಅರ್ಧ ದಾರಿ ನಕ್ಕಳು. ನನಗೆ ಮಾತ್ರ ಒಂದೇ ಚಿಂತೆ. ಅವಳ ಚೆಂಡು ತಿರುಗುತ್ತಲೇ ಇರಲಿಲ್ಲ. ಬೆರಳಿಗೆ ಬಲವಿಲ್ಲ ಎಂದು ಎರಡು ವರ್ಷ ಬೈದಿದ್ದೆ.

ಆ ಬಸ್ಸು ಮಸ್ಕಿಯವರೆಗೆ ಮಾತ್ರ. ಮುಂದಿನದಕ್ಕೆ ಅರ್ಧ ಗಂಟೆ. ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ ತಿಂದು, ಕೈ ಸಡಿಲಾಗಲಿ ಎಂದು ನಿಲ್ದಾಣದ ಹಿಂದಿನ ಒಣ ಬಯಲಿಗೆ ಹೋದೆವು. ಚೀಲದಿಂದ ಹೊಸ ಚೆಂಡು ತೆಗೆದುಕೊಟ್ಟು, ನೇರಕ್ಕೆ ಕೈಯೊಡ್ಡಿ ನಿಂತೆ. ಚೆಂಡು ನೆಲ ಮುಟ್ಟಿದ್ದೇ ಗಕ್ಕನೆ ತಿರುಗಿ ಕಲ್ಲಂಗಡಿ ಬಂಡಿಯ ಗಾಲಿಗೆ ಬಡಿಯಿತು. ಇನ್ನೊಂದು ಹಾಕಿಸಿದೆ. ಅದೂ ಅಲ್ಲಿಗೇ. ಹಣ್ಣು ಒಡೆದರೆ ನೀವೇ ತಿನ್ನಬೇಕು ಎಂದ ಬಂಡಿಯವನು. ಇದೇನು ಹೊಸದು ಎಂದು ನಾಗವೇಣಿಯನ್ನು ಕೇಳಿದೆ.

“ನಮ್ಮಲ್ಲಿ ಚೆಂಡು ಯಾವಾಗ ಒಣಗಿತ್ರಿ ಸರ್?” ಎಂದಳು.

ನಮ್ಮ ಅಭ್ಯಾಸ ಜವಳಗೇರಾದ ಕಾಲುವೆ ಪಕ್ಕ. ಓವರಿಗೆ ಎರಡು ಸಲ ಚೆಂಡು ಭತ್ತದ ಗದ್ದೆಯ ನೀರಿಗೆ ಬೀಳುತ್ತದೆ. ಒರೆಸಿ ಮತ್ತೆ ಹಾಕುತ್ತಾಳೆ. ಒದ್ದೆ ಚೆಂಡು ಬೆರಳಲ್ಲೂ ಜಾರುತ್ತದೆ, ನೆಲದಲ್ಲೂ ಜಾರುತ್ತದೆ. ಕಾಲುವೆಯ ತಪ್ಪಿಗೆ ಅವಳ ಬೆರಳನ್ನು ಬೈದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ನೇರ ಹೋಗುವ ಚೆಂಡಿನ ಗುರಿ ಮಾತ್ರ ಅವಳಿಗೆ ಗೊತ್ತು; ಇಷ್ಟು ತಿರುಗಿದರೆ ಒಂದೂ ವಿಕೆಟ್ಟಿಗೆ ತಾಗದು. ಲಿಂಗಸುಗೂರಿನ ಬಸ್ಸಿನಲ್ಲಿ, ಬಾಟಲಿ ನೀರಲ್ಲಿ ಕೈ ಒದ್ದೆ ಮಾಡಿಕೊಂಡು ಹಾಕಿದರೆ ಹೇಗೆ ಎಂದುಬಿಟ್ಟೆ.

“ಎರಡು ವರ್ಷ ತಿರಗವಲ್ದು ಅಂತ ಬೈದ್ರಿ. ಈಗ ತಿರುಗಿದ್ರ ಬ್ಯಾಡಂತೀರಿ. ಸುಮ್ನ ಕುಂದರ್ರಿ ಸರ್.”

ಬಾಟಲಿಯನ್ನು ಚೀಲಕ್ಕೆ ಸೇರಿಸಿದೆ.

ಲಿಂಗಸುಗೂರಿನಲ್ಲಿ ಬಿಸಿಲು ಏರಿತ್ತು. ಒಬ್ಬೊಬ್ಬರಿಗೆ ಆರು ಚೆಂಡು. ಅವಳ ಮೊದಲೆರಡು ಚೆಂಡು ತಿರುಗಿ ಬ್ಯಾಟ್ ಹಿಡಿದವಳ ಕಾಲಿನ ಹಿಂದಿನಿಂದ ಹೋದವು; ಆಯ್ಕೆಗಾರರೊಬ್ಬರು ಆಗಲೇ ಮುಂದಿನ ಹಾಳೆ ಮಗುಚಿದರು. ನಾಗವೇಣಿ ನನ್ನ ಕಡೆ ನೋಡಲಿಲ್ಲ. ಮೂರನೆಯದನ್ನು ಆಫ್ ಸ್ಟಂಪಿನಿಂದ ಒಂದು ಗೇಣು ಆಚೆ ಹಾಕಿದಳು. ತಿರುಗಿ ಬಂದು ನಡು ಸ್ಟಂಪು ಕೆಡವಿತು. ಐದನೆಯದೂ ಹಾಗೆಯೇ. ನಾಲ್ಕು ಗಂಟೆಗೆ ಓದಿದ ಪಟ್ಟಿಯಲ್ಲಿ ಕೊನೆಯ ಹೆಸರು ಅವಳದು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು.

ಮರಳಿ ಸಿಂಧನೂರು ಮುಟ್ಟಿದಾಗ ಆರೂವರೆ. ಎರಡು ವರ್ಷ ಬೈದದ್ದು ತಪ್ಪಾಯಿತು ಎಂದೆ. ಅವಳು ನಕ್ಕು ಜವಳಗೇರಾ ಬಸ್ ಹತ್ತಿದಳು. ಹೊಸ ಚೆಂಡು ಕೊಡು ಎಂದು ಕಿಟಕಿಗೆ ಕೈ ಚಾಚಿದೆ. ಅವಳು ಅದನ್ನು ವೇಲಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದಳು.

“ಇದು ನನ್ನ ಹತ್ರನ ಇರ್ಲಿ ಸರ್. ನೀವು ಮತ್ತ ಒದ್ದಿ ಮಾಡ್ತೀರಿ.”

ಬಸ್ಸು ಹೊರಟಿತು. ಚಾಚಿದ ಕೈಯನ್ನೇ ಬೀಸುತ್ತಾ ನಿಂತೆ.