ಪದದ ಹಿಂದಿನ ಸದ್ದು
ಮೊಬೈಲಿನಲ್ಲಿ ಹಿಡಿದ ಹಳ್ಳಿ ಹಾಡುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಟ್ಟಿರುವ ಚಾಮರಾಜನಗರದ ಜನಪದ ಕೇಂದ್ರದಲ್ಲಿ, ಬಂದವರಿಗೆ ಬೇಕಾದ್ದನ್ನು ಹುಡುಕಿಕೊಡುವುದು ನೀಲಾವತಿಯ ಕೆಲಸ. ಆದರೆ ಅವಳು ಹಾಡಿನ ಹೆಸರು ಕೇಳುವವಳೇ ಅಲ್ಲ. “ಪದ ಇರ್ಲಿ ಬುಡಿ, ಇಂದ್ಗಡೆ ಏನ್ ಸದ್ದಿತ್ತು?” ಅನ್ನುತ್ತಾಳೆ. ಕುಕ್ಕರ್ ಕೂಗಿತ್ತು ಅಂದರೆ ಹರವೆಯ ಸೋಬಾನೆ, ಬಸ್ಸಿನ ಹಾರನ್ ಅಂದರೆ ಗುಂಡ್ಲುಪೇಟೆಯ ಕಂಸಾಳೆ. ನೀವು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಫೈಲು ತೆರೆದಿರುತ್ತದೆ. ನಾಯಿ ಬೊಗಳಿದ್ದಕ್ಕೂ ಬಳೆ ಸದ್ದಿಗೂ ಗುರುತು ಹಾಕಿಟ್ಟಿದ್ದಾಳೆ. ಗದ್ದಲ ಅಳಿಸಿ ಚೊಕ್ಕ ಮಾಡಿಕೊಡಿ ಎಂದವರ ಮೇಲೆ ಸಿಡುಕುತ್ತಾಳೆ. ಗಂಡ ತೀರಿಕೊಂಡ ಮೇಲೆ ಹಂಗಳದ ಚಿಕ್ಕನಿಂಗಮ್ಮ ಆಗಾಗ ಬಸ್ಸು ಹತ್ತಿ ಬಂದು, ತಾನೇ ಹಿಂದೊಮ್ಮೆ ಹಾಡಿದ ಪದ ಹಾಕಿಸುತ್ತಾಳೆ. “ನನ್ ದನಿ ಯಾಕವ್ವ, ನಡುವೆ ನಮ್ ಯಜಮಾನ್ರು ಕೆಮ್ತಾರಲ್ಲ, ಅದ್ನ ಕೇಳ್ಸು.” ನೀಲಾವತಿ ಮೊದಲು ಎದ್ದು ಫ್ಯಾನು ನಿಲ್ಲಿಸುತ್ತಾಳೆ.