ಕೆಂಪು ಗೆರೆ ಮುಟ್ಟದ ಗೆಂಡೆ

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಅಕ್ಕ ಕೊನೆಯ ಸಲ ಬಡಿಸಿದ ಊಟದಲ್ಲಿ ಮೀನಿತ್ತು ಎಂದು ನನಗೆ ಬಹಳ ಕಾಲ ನೆನಪಿತ್ತು. ಹುಳಿ, ಖಾರ, ಬೆರಳಿಗೆ ಅಂಟಿದ ವಾಸನೆ, ಎಲ್ಲ. ನಿಜಕ್ಕೂ ತಿಂದದ್ದು ಮೊಟ್ಟೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಒಬ್ಬರದೇ ಸಾಕ್ಷಿಯನ್ನು ನಂಬಬಾರದು ಎಂದು ಕಲಿತಿದ್ದೇನೆ. ಆದರೂ ಮನಸ್ಸು ತನಗೆ ಬೇಕಾದ್ದನ್ನು ತಾನೇ ಬಡಿಸಿಕೊಂಡುಬಿಡುತ್ತದೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಪಕ್ಕದ ಮನೆಯ ತಮಿಳು ಹೆಂಗಸು. ಅವರ ಗಂಡನೂ ನನ್ನ ಗಂಡನೂ ಕಾರ್ಖಾನೆಯಲ್ಲಿ ಒಂದೇ ಪಾಳಿ. ಕೆಲಸ ನಿಂತು ಎಲ್ಲರೂ ಕೈಕಟ್ಟಿ ಕೂತಿದ್ದ ದಿನಗಳಲ್ಲಿ ನಮ್ಮ ಸಾಲಿನ ನಾಲ್ಕೈದು ಮನೆಯವರು ಸೇರಿ ಹತ್ತಿರದ ಚಿಕ್ಕ ಕೆರೆಯೊಂದನ್ನು ಗುತ್ತಿಗೆ ಹಿಡಿದು ಗೆಂಡೆ ಮೀನಿನ ಮರಿ ಬಿಟ್ಟರು. ಗುತ್ತಿಗೆಗೆ ಒಂದು ಷರತ್ತಿತ್ತು. ಗೊತ್ತುಮಾಡಿದ ಉದ್ದಕ್ಕಿಂತ ಚಿಕ್ಕ ಮೀನನ್ನು ಹಿಡಿಯುವಂತಿಲ್ಲ, ಬಲೆಗೆ ಬಿದ್ದರೆ ನೀರಿಗೆ ವಾಪಸ್ ಬಿಡಬೇಕು. ಒಂದು ಸಲವಾದರೂ ಮೊಟ್ಟೆಯಿಟ್ಟ ಮೀನನ್ನು ಮಾತ್ರ ತೆಗೆದರೆ ಕೆರೆ ತಾನಾಗಿ ತುಂಬಿಕೊಳ್ಳುತ್ತದೆ ಎಂದು ಮೀನುಗಾರಿಕೆ ಇಲಾಖೆಯವರು ವಿವರಿಸಿದ್ದರು. ನನ್ನ ಗಂಡ ಬಿದಿರಿನ ದಬ್ಬೆಯೊಂದಕ್ಕೆ ಆ ಅಳತೆಗೆ ಕೆಂಪು ಪೇಂಟಿನ ಗೆರೆ ಎಳೆದರು.

ಆಗಾಗ ಬಲೆ ಬೀಸಿ ಅಳೆಯುವ ಸಂಜೆಗಳಿಗಾಗಿ ನಾನು ಕಾಯುತ್ತಿದ್ದೆ. ಅಕ್ಕ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದರು, ನಾನು ಮಂಡಕ್ಕಿ. ಏರಿಯ ಮೇಲೆ ಕೂತು ಯಾರ ಮನೆಗೆ ಎಷ್ಟು ಮೀನು, ಯಾವ ಹಬ್ಬ ಕಳೆದ ಮೇಲೆ ಎಂದೆಲ್ಲ ಮಾತಾಡುತ್ತಿದ್ದೆವು.

ಮೀನು ಬೆಳೆಯುವುದಕ್ಕಿಂತ ಬೇಗ ಮನೆಗಳು ಖಾಲಿಯಾದವು. ಅಕ್ಕನ ಗಂಡನಿಗೆ ಸೇಲಂನಲ್ಲಿ ಕೆಲಸ ಸಿಕ್ಕಿತು. ಸಾಮಾನಿನ ಲಾರಿ ಬರುವ ಹಿಂದಿನ ದಿನ, ನಮ್ಮ ಕೆರೆಯ ಮೀನನ್ನು ಎಲ್ಲರೂ ಒಟ್ಟಿಗೆ ಕೂತು ತಿನ್ನದೆ ಊರು ಬಿಡುವುದಿಲ್ಲ ಎಂದು ಅಕ್ಕ ಹಠ ಹಿಡಿದರು. ಮಸಾಲೆ ಅರೆದಿಟ್ಟು, ಪಾತ್ರೆ ಹಿಡಿದು ನಮ್ಮ ಜೊತೆ ಏರಿಗೆ ಬಂದರು.

ಬಲೆಗೆ ಬಿದ್ದವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ನನ್ನ ಗಂಡ ದಬ್ಬೆಯ ಮೇಲೆ ಮಲಗಿಸಿದರು. ಬಾಲ ಗೆರೆಗಿಂತ ಹಿಂದೆಯೇ ನಿಂತಿತು.

"ಬಾಲ ಅಗಲ ಬಿಟ್ಕೊಂಡಿದೆ ತಂಬಿ, ಕೂಡಿಸಿ ಹಿಡಿ," ಎಂದು ಅಕ್ಕ ತಾವೇ ಬಾಲದ ಕವಲುಗಳನ್ನು ಒತ್ತಿ ಹಿಡಿದರು. ಮೀನು ಕೊಂಚ ಉದ್ದವಾಯಿತು. ಸಾಲಲಿಲ್ಲ.

"ಇನ್ನೂ ಎಳೆದ್ರೆ ಹಾವಾಗುತ್ತೆ, ಬಿಡಕ್ಕ."

"ನಿನ್ ಕೋಲು ನಾಳೆನೂ ಇಲ್ಲೇ ಇರುತ್ತೆ. ನಾನಿರ್ತೀನಾ?"

ನಗುತ್ತಲೇ ಅಂದರು. ಆಮೇಲೆ ಯಾರೂ ನಗಲಿಲ್ಲ. "ಒಂದೇ ಒಂದಲ್ವೇನ್ರೀ" ಎಂದು ನಾನು ಗಂಡನಿಗೆ ಹೇಳಿದಂತೆ ನನ್ನ ನೆನಪು. ನೀನು ಬಾಯೇ ತೆರೆಯಲಿಲ್ಲ ಎನ್ನುತ್ತಾರೆ ಅವರು. ಅವರು ಅಂದದ್ದು ಮಾತ್ರ ಇಬ್ಬರಿಗೂ ಚೆನ್ನಾಗಿ ನೆನಪಿದೆ.

"ಇವತ್ತು ನಿಮಗೆ ಅಂತ ಒಂದು, ಮುಂದಿನ ವಾರ ಹೋಗೋರಿಗೆ ಇನ್ನೊಂದು. ಇಲ್ಲಿ ಎಲ್ರೂ ಹೋಗೋರೇ ಅಲ್ವಾ ಅಕ್ಕ?"

ಮೀನನ್ನು ನೀರಿಗೆ ಬಿಟ್ಟರು.

ಅರೆದ ಮಸಾಲೆ ಕೆಡಬಾರದೆಂದು ಅಕ್ಕ ಅದೇ ಹುಳಿಗೆ ಮೊಟ್ಟೆ ಒಡೆದು ಹಾಕಿದರು. "ಈ ಮೊಟ್ಟೆಗೂ ಅಳತೆ ಇದೆಯಾ ತಂಬಿ? ನೋಡ್ಕೊಂಡು ತಿನ್ನು," ಎಂದು ನನ್ನ ಗಂಡನಿಗೆ ಎರಡೆರಡು ಸಲ ಬಡಿಸಿದರು. ಅವರು ತಲೆ ಎತ್ತದೆ ಉಂಡರು.

ಆಮೇಲೆ ನಾವೂ ಶಿವಮೊಗ್ಗಕ್ಕೆ ಬಂದೆವು. ಗಂಡನಿಗೆ ಗಾಂಧಿ ಬಜಾರಿನ ಸಗಟು ಅಂಗಡಿಯೊಂದರಲ್ಲಿ ಕೆಲಸ. ಕೆರೆಯ ಪಾಲನ್ನು ಅವರು ಬಿಟ್ಟಿರಲಿಲ್ಲ. ಕಳೆದ ತಿಂಗಳು ಭದ್ರಾವತಿಗೆ ಹೋದವರು ಒಂದು ಗೆಂಡೆ ತಂದರು, ಗೆರೆಯನ್ನು ಎಂದೋ ದಾಟಿದ್ದು. ಕೆರೆ ತುಂಬ ಮರಿ ಓಡಾಡುತ್ತಿವೆ ಎಂದರು. ಷರತ್ತು ಸರಿಯಾಗಿಯೇ ಇತ್ತು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಅಂದು ಒಂದು ಮೀನು ಕಡಿಮೆಯಾಗಿದ್ದರೆ ಈ ಕೆರೆ ಬರಿದಾಗುತ್ತಿತ್ತೇ ಎಂದು ಮಾತ್ರ ಒಲೆಯ ಮುಂದೆ ನಿಂತು ಮತ್ತೆ ಮತ್ತೆ ಕೇಳಿಕೊಂಡೆ. ಗಂಡನನ್ನು ಕೇಳಲಿಲ್ಲ. ಅವರೂ ಅದನ್ನೇ ಯೋಚಿಸುತ್ತಿದ್ದರೋ ಏನೋ.

ಅಷ್ಟು ದೊಡ್ಡ ಮೀನು, ಉಣ್ಣುವವರು ಇಬ್ಬರೇ. ಹುಳಿ ಇಳಿಸಿಟ್ಟು, ನಮ್ಮ ಕೆರೆಯ ಮೀನು ಬಂತು ಎಂದು ಅಕ್ಕನಿಗೆ ಫೋನ್ ಮಾಡಿದೆ.

"ತಲೆ ಯಾರು ತಿಂತೀರಿ?" ಅದು ಅವರ ಮೊದಲ ಪ್ರಶ್ನೆ.

"ನಮ್ಮಿಬ್ರಿಗೂ ತಿನ್ನೋಕೆ ಬರಲ್ಲ ಅಕ್ಕ."

"ಅಯ್ಯೋ ಮಾರಾಯ್ತಿ, ರುಚಿ ಇರೋದೇ ಅಲ್ಲಿ! ವಿಡಿಯೋ ಹಾಕು."

ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟೆ. ಸೇಲಂನ ಅಡುಗೆಮನೆಯಲ್ಲಿ ಕೂತು ಅಕ್ಕ ಬರಿಗೈಯಲ್ಲಿ ತೋರಿಸತೊಡಗಿದರು. ಕಿವಿರಿನ ಕೆಳಗೆ ಹೆಬ್ಬೆರಳಿಡು, ಹೀಗೆ ತಿರುಗಿಸು, ಕೆನ್ನೆಯ ಮಾಂಸ ಮೊದಲು. ಅವರ ಕೈ ತಿರುಗಿದಂತೆ ನನ್ನದೂ ತಿರುಗಿತು.

"ಬಂತಾ?"

"ಬಂತು."

"ಹೇಗಿದೆ?"

ಬಾಯಿ ತುಂಬಿತ್ತು, ತಲೆಯಾಡಿಸಿದೆ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲಿ ಎಂದು ಅಕ್ಕ ಖಾಲಿ ಬೆರಳುಗಳನ್ನು ಹಾಗೇ ಹಿಡಿದು ಕಾಯುತ್ತಿದ್ದರು.