ಚಾವಣಿಯಿಂದ ಇಳಿದ ಕಾಲು

ಕನ್ನಡಕದ ಅಂಗಡಿ ಮುಚ್ಚಿದ ಮೇಲೆ ನಾನು ನೆಟ್‌ವರ್ಕ್ ತಂತ್ರಜ್ಞೆಯಾದೆ. ಎತ್ತಣ ಕನ್ನಡಕ, ಎತ್ತಣ ನೆಟ್‌ವರ್ಕ್ ಎಂದು ಕೇಳುವವರಿದ್ದಾರೆ. ನಾನೂ ಕೇಳಿಕೊಂಡಿದ್ದೇನೆ. ಅಂಗಡಿಯಲ್ಲಿ ನಾನು ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ ‘ನಿಮಗಂತೂ ತುಂಬಾ ಒಪ್ಪುತ್ತೆ’ ಎನ್ನುತ್ತಿದ್ದೆ. ಈ ವಿದ್ಯೆ ಬೇರೆಲ್ಲೂ ನಡೆಯುವುದಿಲ್ಲವೆಂದು ತಿಳಿದಾಗ ಒಂದು ಕೋರ್ಸು ಸೇರಿದೆ. ಮೊದಲ ದಿನ ನಾನು ತರಗತಿಯೊಳಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತರು. ಪಾಠ ಮಾಡುವ ಮೇಡಂ ಬಂದರೆಂದು ತಿಳಿದಿದ್ದರು.

ಕೆಲಸ ಕೊಟ್ಟ ಕಂಪನಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಯಜಮಾನರು ತಮ್ಮ ಕೋಣೆಯಲ್ಲಿ ಸೀನಿದರೆ ಎಲ್ಲ ವಿಭಾಗಗಳಿಗೂ ಕೇಳಿಸುತ್ತಿತ್ತು. ಏಕೆಂದರೆ ಎಲ್ಲ ವಿಭಾಗಗಳೂ ಒಂದೇ ಮೇಜಿನ ಸುತ್ತ ಕೂರುತ್ತಿದ್ದವು. ನನಗಿಂತ ಹತ್ತಾರು ವರ್ಷ ಚಿಕ್ಕವನೊಬ್ಬ ಅಲ್ಲಿನ ಹಿರಿಯ ತಂತ್ರಜ್ಞ. ಕುಳಿತರೂ ಎದ್ದರೂ ‘ಉಸ್ಸಪ್ಪಾ’ ಎನ್ನುತ್ತಿದ್ದುದರಿಂದ ಅವನ ಹೆಸರೇ ಉಸ್ಸಪ್ಪ ಎಂದಾಗಿತ್ತು. ನಾನು ಬಂದ ಮೇಲೆ ಅವನ ಉಸಿರು ಇನ್ನಷ್ಟು ಉದ್ದವಾಯಿತು. ತಂತಿಯ ತುದಿ ಸುಲಿದು, ಒಳಗಿನ ಬಣ್ಣಬಣ್ಣದ ಎಳೆಗಳನ್ನು ಸಾಲಾಗಿ ಜೋಡಿಸಿ, ಪುಟ್ಟ ಪ್ಲಾಸ್ಟಿಕ್ ಮೂತಿಗೆ ತೂರಿಸಿ ಅದುಮುವುದು ನನ್ನ ಪಾಲಿನ ಕೆಲಸ. ಕಂದು ಎಳೆ ಕಿತ್ತಳೆಯ ಜಾಗಕ್ಕೆ ಹೋಗಿ ಕೂತರೆ ಎಲ್ಲ ಕೆಟ್ಟಂತೆ. ನನ್ನ ಎಳೆಗಳಿಗೆ ನೆಂಟರ ಮನೆಗೆ ಹೋಗುವ ಚಟ ಬಹಳ.

ನಾನಿದ್ದದ್ದು ಅಕ್ಕನ ಮನೆಯಲ್ಲಿ. ಕೆಲಸ ಸಿಕ್ಕಿತೆಂದು ಹೇಳಿದ ಸಂಜೆ ಅಕ್ಕ ಒಂದೇ ಪ್ರಶ್ನೆ ಕೇಳಿದಳು.

“ಏಸಿ ಇದೆಯೇನೆ ಆಫೀಸಲ್ಲಿ?”

“ಇದೆ,” ಎಂದೆ. ಸುಳ್ಳಲ್ಲ. ಸರ್ವರ್ ಇಟ್ಟಿದ್ದ ಗೂಡಿನಂಥ ಕೋಣೆಗೆ ಏಸಿ ಇತ್ತು. ಯಂತ್ರ ಬೆವರಬಾರದು, ನಾವು ಬೆವರಬಹುದು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನ ಅಕ್ಕ. ಮರುದಿನದ ಹೊತ್ತಿಗೆ ಬೀದಿಯಲ್ಲೆಲ್ಲ ನಾನು ನೆಟ್‌ವರ್ಕ್ ಆಫೀಸರ್ ಆಗಿದ್ದೆ. “ಅಕ್ಕಾ, ನಾನು ತಂತಿ ಎಳೆಯೋಳು ಕಣೇ,” ಎಂದು ಎರಡು ಸಲ ಹೇಳಿದೆ. “ಸಾಕು, ಅಷ್ಟು ವಿನಯ ಒಳ್ಳೇದಲ್ಲ,” ಎಂದಳು. ಮೂರನೆಯ ಸಲ ಹೇಳಲಿಲ್ಲ. ಆಫೀಸರ್ ಎನ್ನಿಸಿಕೊಳ್ಳುವುದು ಅಷ್ಟೇನೂ ಕಷ್ಟವಾಗಿರಲಿಲ್ಲ.

ಭಾವನೂ ಅದನ್ನೇ ನಂಬಿದರು. ಅವರು ಒಂದು ದೊಡ್ಡ ಕಚೇರಿಯ ಮೇಲ್ವಿಚಾರಕರು, ಇಸ್ತ್ರಿ ಮಾಡಿದಂಥ ಮನುಷ್ಯ. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅವರ ದಪ್ಪ ಉಣ್ಣೆಯ ಕಾಲುಚೀಲ ದಿನವೂ ನನ್ನ ಕಾಲಲ್ಲಿರುತ್ತಿತ್ತು. ಏಣಿ ಹತ್ತುವವರಿಗೆಂದು ಕಂಪನಿ ಕೊಟ್ಟ ಬೂಟು ಗಂಡಸರ ಅಳತೆಯದು. ಅದರೊಳಗೆ ನನ್ನ ಪಾದ ದೋಣಿಯೊಳಗಿನ ಕಪ್ಪೆ. ಒಳಗೆ ನನ್ನದು, ಮೇಲೆ ಭಾವನದು ಹಾಕಿಕೊಂಡರೆ ಹೇಗೋ ನಿಲ್ಲುತ್ತಿತ್ತು. ಬೂದು ಬಣ್ಣದ ಆ ಚೀಲದ ಹಿಮ್ಮಡಿ ಹರಿದಿದ್ದಾಗ ಅಕ್ಕ ಕೆಂಪು ದಾರದಲ್ಲಿ ಹೊಲಿದಿದ್ದಳು. ಬೂದು ದಾರ ಹುಡುಕಲು ಅವಳಿಗೆ ಸೋಮಾರಿತನ.

ಒಂದು ಬೆಳಿಗ್ಗೆ ಉಸ್ಸಪ್ಪ ಆ ದಿನದ ಕೆಲಸ ಹೇಳಿದ. ವಿಳಾಸ ಕೇಳಿದೆ. ಭಾವನ ಕಚೇರಿ.

“ಬೇರೆ ಯಾರನ್ನಾದ್ರೂ ಕಳಿಸೋಕಾಗಲ್ವಾ?”

ಉಸ್ಸಪ್ಪ ಕೋಣೆಯ ಸುತ್ತ ಕಣ್ಣಾಡಿಸಿದ. “ಯಾರನ್ನ ಕಳಿಸ್ಲಿ? ಕುರ್ಚೀನಾ?”

ಅವನ ಜೊತೆ ಅಲ್ಲಿಗೆ ಹೋದವಳು ನಾನೊಂದು ಉಪಾಯ ಮಾಡಿದೆ. ಸಭಾಕೋಣೆಯ ಪಕ್ಕದಲ್ಲಿ ಸಾಮಾನು ತುಂಬುವ ಅಟ್ಟವಿತ್ತು. ಅಲ್ಲಿಂದ ಫಾಲ್ಸ್ ಸೀಲಿಂಗ್ ಎಂಬ ಸುಳ್ಳು ಚಾವಣಿಯ ಮೇಲೆ ತೊಲೆ ಹಿಡಿದು ತೆವಳಿದರೆ ತಂತಿಯನ್ನು ಆ ತುದಿಯವರೆಗೆ ಒಯ್ಯಬಹುದಿತ್ತು. ಕೆಳಗೆ ಏಣಿ ಹಾಕಿ ನಿಂತರೆ ಭಾವ ನೋಡುತ್ತಾರೆ, ಮೇಲಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ನನ್ನ ಲೆಕ್ಕ. ಉಸ್ಸಪ್ಪ ಗಾಬರಿಯಾಗಿ, “ತೊಲೆ ಬಿಟ್ಟು ಎಲ್ಲೂ ಕಾಲಿಡಬೇಡಿ, ಅದು ಬರೀ ಹಲಗೆ,” ಎಂದ. ಆಯ್ತಪ್ಪಾ ಎಂದು ಹತ್ತಿದೆ.

ಮೇಲೆ ಧೂಳು, ಕತ್ತಲು, ಯಾವ ಕಾಲದ್ದೋ ತಂತಿಗಳ ಗೋಜಲು. ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು ತೆವಳುತ್ತಿದ್ದಾಗ ಕೆಳಗೆ ಕುರ್ಚಿಗಳು ಸರಿದ ಸದ್ದಾಯಿತು. ಸಭೆ ಶುರುವಾಗಿತ್ತು. ಮೊದಲು ಕೇಳಿಸಿದ್ದು ನಮ್ಮ ಯಜಮಾನರ ದನಿ. ವರ್ಷದ ಗುತ್ತಿಗೆ ಮುಂದುವರಿಸಲು ಅವರು ಅಲ್ಲಿನ ಮುಖ್ಯಸ್ಥೆಯನ್ನು ಒಪ್ಪಿಸುತ್ತಿದ್ದರು.

“ನಮ್ಮವರು ಕೆಲಸ ಮಾಡಿದ್ರೆ ಮಾಡಿದ್ದೇ ಗೊತ್ತಾಗಲ್ಲ ಮೇಡಂ. ಈಗ್ಲೂ ಮಾಡ್ತಾ ಇದಾರೆ. ಸದ್ದೇನಾದ್ರೂ ಬರ್ತಾ ಇದೆಯಾ?”

ಆಮೇಲೆ ಭಾವನ ದನಿ. “ನಮ್ಮ ಮನೇಲೂ ಒಬ್ರು ನೆಟ್‌ವರ್ಕ್ ಆಫೀಸರ್ ಇದಾರೆ ಮೇಡಂ, ನಮ್ಮ ನಾದಿನಿ. ಈ ಏಣಿ ಗೀಣಿ ಕೆಲಸ ಅಲ್ಲ ಅವರದ್ದು. ಪೂರ್ತಿ ಏಸಿ ರೂಮು. ತುಂಬಾ ಜಾಣೆ, ಆದ್ರೆ...”

ಆದ್ರೆ ಏನು? ದನಿ ತಗ್ಗಿತು. ಮನೆಯಲ್ಲಿ ನನ್ನನ್ನು ಎಂದೂ ಹೊಗಳದವರು ಈಗ ಹೊಗಳುತ್ತಿದ್ದಾರೆ. ಆ ‘ಆದ್ರೆ’ಯ ಮುಂದಿನದ್ದು ಕೇಳದೆ ಇರುವುದು ಹೇಗೆ? ಕಿವಿಯನ್ನು ಹಲಗೆಗೆ ಆನಿಸಲು ಸ್ವಲ್ಪ ವಾಲಿದೆ. ಬಲ ಮೊಣಕಾಲು ತೊಲೆ ಬಿಟ್ಟಿತು.

ಹಲಗೆ ಹಪ್ಪಳದಂತೆ ಮುರಿಯಿತು. ನನ್ನ ಬಲಗಾಲು ತೊಡೆಯವರೆಗೆ ಕೆಳಗಿನ ಲೋಕಕ್ಕೆ ಇಳಿಯಿತು. ಅಳತೆ ಮೀರಿದ ಬೂಟು ಜಾರಿ, ಸಭೆಯ ಮೇಜಿನ ನಟ್ಟನಡುವೆ ‘ಧಡ್’ ಎಂದು ಕೂತಿತು.

ಹತ್ತಿದ ಏಣಿ ಒದೆಯುವವರನ್ನು ಎಲ್ಲರೂ ಕಂಡಿರುತ್ತಾರೆ. ಹತ್ತಿದ ಚಾವಣಿಯನ್ನೇ ಒದ್ದವಳು ಆ ಕಚೇರಿಗೆ ಹೊಸಬಳು.

“ಕೆಲಸ... ನಡೀತಾ ಇದೆ,” ಎಂದರು ನಮ್ಮ ಯಜಮಾನರು.

“ಪೆಟ್ಟಾಯ್ತೇನಮ್ಮಾ?” ಮುಖ್ಯಸ್ಥೆ ಕಾಲನ್ನೇ ಕೇಳಿದರು.

ಬಾಯಿ ತೆರೆದರೆ ದನಿ ಗುರುತು ಹತ್ತುತ್ತದೆಂದು ನಾನು ಸುಮ್ಮನಿದ್ದೆ. ಹೌದು ಎನ್ನಲೋ ಅಲ್ಲ ಎನ್ನಲೋ ತಿಳಿಯದೆ ಪಾದವನ್ನು ಅತ್ತಿತ್ತ ಆಡಿಸಿದೆ. ಅದೇ ಎಡವಟ್ಟಾಯಿತು. ಹಿಮ್ಮಡಿ ಭಾವನ ಕಡೆ ತಿರುಗಿತು.

“ಇದು ನನ್ನ ಕಾಲುಚೀಲ ಅಲ್ವಾ?” ಎಂದರು ಭಾವ.

ಇನ್ನೇನು ಉಳಿದಿತ್ತು! “ಹೌದು ಭಾವಾ,” ಎಂದಿತು ಚಾವಣಿ.

ಯಾರೋ ಕಿಸಕ್ಕೆಂದರು. ನನ್ನ ಎಡಗೈ ತೊಲೆಯಿಂದ ಜಾರತೊಡಗಿತ್ತು. ಅಳಬೇಕೋ ಬೀಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕೆಳಗೆ ಮೇಜು ಕಿರುಗುಟ್ಟಿತು. ನೀರಿನ ಲೋಟವನ್ನೂ ತಾವೇ ತೆಗೆದುಕೊಳ್ಳದ ನಮ್ಮ ಭಾವ, ಇಸ್ತ್ರಿ ಅಂಗಿಯ ಸಮೇತ ಮೇಜು ಹತ್ತಿ, ನನ್ನ ಪಾದವನ್ನು ತಮ್ಮ ಹೆಗಲ ಮೇಲಿಟ್ಟುಕೊಂಡು ಎರಡು ಕೈಯಲ್ಲೂ ಹಿಡಿದಿದ್ದರು.

“ಭಾರ ಬಿಡು. ನಾನಿದೀನಿ. ಅಲ್ಲಾಡ್ಬೇಡ.”

“ನಿಮ್ಮ ಅಂಗಿ ಕೊಳೆ ಆಗುತ್ತೆ ಭಾವಾ.”

“ಅದನ್ನ ಹೇಳೋಕೆ ಇದೇ ಹೊತ್ತಾ? ಸುಮ್ನಿರು!”

ಉಸ್ಸಪ್ಪ ಅಟ್ಟದ ಕಡೆಯಿಂದ ತೆವಳಿ ಬಂದು ನನ್ನ ರಟ್ಟೆ ಹಿಡಿದು ಎಳೆದ. ಅಂದು ಅವನು ಎಳೆದಿದ್ದು ಉಸಿರಲ್ಲ, ನನ್ನನ್ನು; ಉಸ್ಸಪ್ಪಾ ಎಂದವಳು ನಾನು. ಕೆಳಗಿಳಿದು ಬಂದಾಗ ತಲೆತುಂಬ ಜೇಡರ ಬಲೆ, ಒಂದು ಕಾಲಲ್ಲಿ ಬೂಟು, ಕೈಯಲ್ಲಿ ಇನ್ನೂ ತಂತಿಯ ತುದಿ. ಮುಖ್ಯಸ್ಥೆ ನನ್ನನ್ನು ನೋಡಿದರು, ಭಾವನನ್ನು ನೋಡಿದರು.

“ಇವರೇನಾ ಏಸಿ ರೂಮಿನ ಆಫೀಸರ್?”

ಭಾವ ಹೆಗಲ ಧೂಳು ಕೊಡವಿಕೊಂಡರು. “ಇವರೇ ಮೇಡಂ,” ಎಂದರು, ತಲೆ ತಗ್ಗಿಸದೆ. “ನಾಳೆ ಬಂದು ಕೆಲಸ ಮುಗಿಸ್ತಾರೆ.”

ಮುಗಿಸಿದೆ, ಏಣಿಯ ಮೇಲೆ ನಿಂತು, ಎಲ್ಲರೂ ನೋಡುತ್ತಿರುವಂತೆ. ಒಂದು ಎಳೆ ಮತ್ತೆ ನೆಂಟರ ಮನೆಗೆ ಹೋಗಿತ್ತು. ಕತ್ತರಿಸಿ ಮತ್ತೊಮ್ಮೆ ಮಾಡಿದೆ, ಕೂತಿತು. ಚಾವಣಿಯನ್ನು ನಮ್ಮ ಕಂಪನಿಯೇ ಸರಿಮಾಡಿಸಿಕೊಟ್ಟಿತು. ಗುತ್ತಿಗೆಯೂ ಉಳಿಯಿತು, ಆ ಸಭೆಯಲ್ಲಿ ಯಾರೂ ತೂಕಡಿಸದೆ ಇದ್ದದ್ದು ಅದೇ ಮೊದಲು ಎಂದು ಮುಖ್ಯಸ್ಥೆ ಹೇಳಿದರಂತೆ. ಯಜಮಾನರು ನನ್ನ ಅಳತೆಯ ಬೂಟು ತರಿಸಿಕೊಟ್ಟು, ಇನ್ನು ಕಿವಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದರು.

ಭಾವ ಕಥೆಯನ್ನು ಅಭಿನಯದ ಸಮೇತ ಅಕ್ಕನಿಗೆ ಒಪ್ಪಿಸಿದ್ದರು. ಆಫೀಸರ್ ಪಟ್ಟ ಹೋಯಿತೆಂದು ಅವಳು ಕೊರಗಬಹುದೆಂದುಕೊಂಡಿದ್ದೆ. ಅವಳ ಚಿಂತೆಯೇ ಬೇರೆ. “ಅಷ್ಟು ಜನದ ಮುಂದೆ ನನ್ನ ಹೊಲಿಗೆ ತೋರಿಸಿದ್ಯಲ್ಲೇ! ಏನಂದ್ಕೊಂಡ್ರೋ!” ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಭಾವನನ್ನು ಒಮ್ಮೆ ಕೇಳಿಯೂ ಬಿಟ್ಟೆ. “ಅವತ್ತು ‘ಜಾಣೆ, ಆದ್ರೆ’ ಅಂದ್ರಲ್ಲ, ಮುಂದೇನು?”

ಭಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ನೀನೇ ಬಂದು ತೋರಿಸ್ದ್ಯಲ್ಲ.”

ಈಗ ಬೀದಿಯಲ್ಲಿ ಅಕ್ಕನ ಪ್ರಚಾರ ಬದಲಾಗಿದೆ: ನನ್ನ ತಂಗಿ ಎಷ್ಟು ಎತ್ತರಕ್ಕೆ ಬೇಕಾದರೂ ಹತ್ತುತ್ತಾಳೆ. ಪರಿಣಾಮವಾಗಿ ಕಳೆದ ಭಾನುವಾರ ಎದುರುಮನೆಯವರ ಫ್ಯಾನು ಒರೆಸಿಕೊಟ್ಟೆ. ಸ್ಟೂಲು ಗಟ್ಟಿಯಾಗಿಯೇ ಇತ್ತು. ಆದರೂ ಅಕ್ಕ ಅದರ ಎರಡು ಕಾಲು ಹಿಡಿದು ಕೆಳಗೆ ಕೂತು, ನಾನು ಇಳಿಯುವವರೆಗೂ ಬೈಯುತ್ತಲೇ ಇದ್ದಳು.